ಬೀಸುಕಲ್ಲಿನ ಪದ ಈಗ ಎಲ್ಲಿ ಹುಡುಕೋಣ?

ಕವಿತಾ ಅಂದ್ರ ಪುಸ್ತಕದಾಗ ಇರತದ ಅಂತ ನಾವೆಲ್ಲಾ ಸಾಲ್ಯಾಗ ಕಲತೀವಿ. ಆದ್ರ ನಮ್ಮ ಉತ್ತರ ಕರ್ನಾಟಕದ ಮನಿಗಳೊಳಗ ಬಾಳ ಕಾಲ ಕವಿತಾ ಇದ್ದದ್ದು ಬೀಸುಕಲ್ಲಿನ ಹತ್ರ. ಅದನ್ನ ಹುಡುಕಲಿಕ್ಕೆ ಯಾರೂ ಎಲ್ಲಿಗೂ ಹೋಗತಿದ್ದಿಲ್ಲ. ನಸುಕಿನ್ಯಾಗ ಎಚ್ಚರಾದ್ರ ಸಾಕು, ಕಿವಿಗೆ ತಾನ ಬಂದು ಬೀಳತಿತ್ತು.

ನಮ್ಮ ಆಯಿ ಹೇಳೋ ಪ್ರಕಾರ ಅದರ ರೀತಿ ಹಿಂಗ: ಕಲ್ಲಿನ ಆ ಕಡೆ ಒಬ್ಬಾಕಿ, ಈ ಕಡೆ ಒಬ್ಬಾಕಿ, ಗೂಟಕ್ಕ ಇಬ್ಬರದೂ ಕೈ. ಒಂದು ಹಿಡಿ ಜ್ವಾಳ ಹಾಕೋದು, ಒಂದು ಪದ ಹೇಳೋದು. ಒಬ್ಬಾಕಿ ಎತ್ತಿಕೊಟ್ಟರ ಇನ್ನೊಬ್ಬಾಕಿ ಹಿಡಕೊಳ್ಳೋದು. ಪದ ಅಂದ್ರ ಮೂರು ಸಾಲಿಂದು, ತ್ರಿಪದಿ. ಹಾಡುವಾಗ ಎರಡನೇ ಸಾಲು ತಿರುಗಿ ಬರತದ, ಕಲ್ಲು ತಿರುಗಿ ಬಂದಂಗ.

ಈ ತ್ರಿಪದಿ ನಿನ್ನೆ ಮೊನ್ನೇದಲ್ಲ. ಬಾದಾಮಿ ಬಂಡಿ ಮ್ಯಾಲೆ ಕಪ್ಪೆ ಅರಭಟ್ಟನ ಶಾಸನ ಅದ ಅಲ್ರಿ, ಸುಮಾರು ಕ್ರಿ.ಶ. 700ರದು, ಅದರಾಗ ತ್ರಿಪದಿ ಅದ. ಮುಂದ ಸರ್ವಜ್ಞ ಹೇಳಿದ್ದೂ ಇದರಾಗನ. ಅಂದ್ರ ಅಕ್ಷರ ಬರದಿದ್ದ ನಮ್ಮ ಹೆಣಮಕ್ಕಳ ಬಾಯಾಗ ಇದ್ದದ್ದು ಸಾವಿರದ ಮುನ್ನೂರು ವರ್ಷದ ಛಂದಸ್ಸು!

ಪದದಾಗ ಏನಿರತಿತ್ತು? ತವರುಮನಿ, ಹಡದವ್ವ, ಕರಿಯಲಿಕ್ಕೆ ಬರದ ಅಣ್ಣ, ತೊಟ್ಟಿಲದಾಗಿನ ಕೂಸು. ಅತ್ತಿ ಮುಂದ ಎದುರಾಎದುರು ಆಡಲಾರದ ಮಾತನ್ನ ಪದದಾಗ ಆಡಬಹುದಿತ್ತು. ಅತ್ತಿ ಕೇಳಿಸಿಕೊಂಡ್ರೂ "ಪದ ಅದರೀ ಅತ್ತಿ, ನಂದಲ್ಲ" ಅನ್ನಲಿಕ್ಕೆ ದಾರಿ ಇತ್ತು. ತನ್ನ ಅಣ್ಣನ ಹೆಸರು ಸೇರಿಸಿ, ತನ್ನ ಊರಿನ ಹೊಳಿ ಸೇರಿಸಿ ಯಾರು ಬೇಕಾದ್ರೂ ಒಂದು ಸಾಲು ಬದಲಿ ಮಾಡತಿದ್ರು. ಕೇಳಾಕಿನೂ ಆಕಿನ, ಕವಿನೂ ಆಕಿನ.

ಆಮ್ಯಾಲೆ ಹಿಟ್ಟಿನ ಗಿರಣಿ ಬಂತು. ಬಂದದ್ದು ಚೊಲೋನ ಆತು. ಹಳೇದೆಲ್ಲಾ ಚಂದ ಅನ್ನೋರು ಒಂದು ಸೇರು ಜ್ವಾಳ ಬೀಸಿ ನೋಡಬೇಕು, ರಟ್ಟಿ ಬಿದ್ದು ಹೋಗತಾವ. ಆದ್ರ ದುಡಿತದ ಜೋಡಿ ಪದಾನೂ ಎದ್ದು ಹೋತು.

ಪುಣ್ಯಾಕ್ಕ ಕೆಲವರು ಮೊದಲ ಎಚ್ಚರಾಗಿದ್ರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದ್ರ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಜೊತೆಗಾರರು, ಇಂಥ ಪದ ಕೂಡಿಹಾಕಿದ್ರು. 1931ರಾಗ 'ಗರತಿಯ ಹಾಡು' ಪುಸ್ತಕ ಹೊರಗ ಬಂತು. ಓದು ಬಲ್ಲ ಗಂಡಸರು ಮನಿ ಹೆಣಮಕ್ಕಳ ಪದಕ್ಕ ಸಾಹಿತ್ಯ ಅನ್ನೋ ಮರ್ಯಾದಿ ಕೊಟ್ಟದ್ದು ಸಣ್ಣ ಮಾತಲ್ಲ. ಮುಂದ 1950ರಾಗ ಧಾರವಾಡ ಆಕಾಶವಾಣಿ ಸುರುವಾತು. 1978ರಾಗ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮ್ಯಾಲೆ ಭಾವಗೀತಿ ಟೇಪಿನ್ಯಾಗ ಮನಿಮನಿಗೆ ಬರಲಿಕ್ಕೆ ಹತ್ತಿತು. ಕವಿತಾ ಕೈಯಿಂದ ಪುಸ್ತಕಕ್ಕ, ಪುಸ್ತಕದಿಂದ ಮತ್ತ ಕಿವಿಗೆ ಬಂತು.

ಈಗ ಮೊಬೈಲಿನ್ಯಾಗ ಬೀಸುಕಲ್ಲಿನ ಪದ ಅಂತ ಬರದ್ರ ಸಾಕು, ಬೇಕಾದಷ್ಟು ಸಿಗತಾವ. ನಾನೂ ರೊಟ್ಟಿ ಬಡಿಯುವಾಗ ಹಚ್ಚಿಟ್ಟು ಕೇಳತೀನಿ, ಖುಷಿ ಆಗತದ. ಹುಡುಕೋದು ಇಷ್ಟು ಸರಳ ಯಾವಾಗಲೂ ಇದ್ದಿದ್ದಿಲ್ಲ. ಆದ್ರ ಅದರಾಗ ನನ್ನ ಅಣ್ಣನ ಹೆಸರಿಲ್ಲ, ನಾ ಸೇರಿಸಲಿಕ್ಕೂ ಬರೋದಿಲ್ಲ.

ಇನ್ನೊಂದು ನಾ ಕಂಡದ್ದು ಹೇಳತೀನಿ. ಆಯಿಗೆ "ಒಂದು ಪದ ಹೇಳವಾ" ಅಂದ್ರ "ಎಲ್ಲಿ ನೆನಪದ ತಂಗಿ, ಮರತೇನಿ" ಅಂತಾಳ. ಅದ ಮರದಾಗ ಜ್ವಾಳ ಹಾಕಿ ಮುಂದಿಟ್ಟು ಹಸನ ಮಾಡಲಿಕ್ಕೆ ಕೊಟ್ಟು ನೋಡ್ರಿ, ಕೈ ಆಡಿದಂಗ ಪದ ಒಂದರ ಹಿಂದ ಒಂದು ಹೊಂಡತಾವ. ಆಕಿ ನೆನಪು ತಲಿಯೊಳಗಿಲ್ಲ, ಕೈಯೊಳಗದ.

ಅದಕ್ಕ ನಿಮ್ಮ ಮನ್ಯಾಗ ಹಿರೇರಿದ್ರ ಬರೇ ಮೊಬೈಲ್ ಹಿಡಿದು "ಹಾಡು" ಅನ್ನಬ್ಯಾಡ್ರಿ. ಕೈಗೊಂದು ಕೆಲಸ ಕೊಡ್ರಿ, ಬಾಜೂಕ ಕೂಡ್ರಿ, ಆಮ್ಯಾಲೆ ರೆಕಾರ್ಡ್ ಹಚ್ಚರಿ. ಪದ ಹೇಳಿದಾಕಿ ಹೆಸರು, ಆಕಿ ತವರೂರು ಎರಡೂ ಬರದಿಡ್ರಿ. ಮತ್ತ ಆಕಿ ಮುಂದ ಒಂದರೆ ಪದ ನೀವೂ ಹಾಡ್ರಿ, ತಪ್ಪಿದ್ರ ಆಕಿನ ತಿದ್ದತಾಳ.