ಪಂಚಾಂಗದ ಮೇಲಿನ ಹೆಬ್ಬೆಟ್ಟು

ಹೈಸ್ಕೂಲ್ ಮಕ್ಕಳಿಗೆ ಫೊರೆನ್ಸಿಕ್ ಸೈನ್ಸ್ ಕಲಿಸೋದು ಅಂದರೆ ಸಾಮಾನ್ಯವಾಗಿ ಪೌಡರ್, ಬ್ರಷ್, ಸೆಲ್ಲೋಟೇಪಿನಿಂದಲೇ ಶುರು. ಗಾಜಿನ ಲೋಟದ ಮೇಲಿನ ಬೆರಳಚ್ಚು ಎತ್ತಿ, ಕ್ಲಾಸಿನಲ್ಲಿ ಅದು ಯಾರದ್ದು ಅಂತ ಹುಡುಕುವ ಆಟ. ಮಕ್ಕಳಿಗೆ ಮಜಾ ಬರುತ್ತದೆ, ಬರಲಿ. ಆದರೆ ಬ್ರಷ್ ಕೈಗೆ ಕೊಡುವ ಮೊದಲು ಹೇಳಬೇಕಾದ ಕತೆಯೊಂದು ನಮ್ಮ ದೇಶದಲ್ಲೇ ಇದೆ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆ ಸಾಮಗ್ರಿ ಪೂರೈಸುತ್ತಿದ್ದ ರಾಜ್ಯಧರ ಕೊನಾಯಿಯ ಅಂಗೈ ಅಚ್ಚನ್ನು ಕರಾರು ಪತ್ರದ ಹಿಂಬದಿಯಲ್ಲಿ ಒತ್ತಿಸಿಕೊಂಡ. ನಾಳೆ ಈತ ‘ಸಹಿ ನನ್ನದಲ್ಲ’ ಅಂದುಬಿಟ್ಟರೆ? ಅದಕ್ಕೇ ಈ ಉಪಾಯ. ಅಂದರೆ ಶುರುವಾಗಿದ್ದು ವಿಜ್ಞಾನದಿಂದಲ್ಲ, ಅಪನಂಬಿಕೆಯಿಂದ.

ಮುಂದೆ ಬೆರಳಚ್ಚು ಸಂಗ್ರಹಿಸುವ ಕೆಲಸ ಹೆಚ್ಚಿತು. ಸಮಸ್ಯೆ ಬಂದಿದ್ದು ಆಮೇಲೆ: ಸಾವಿರಾರು ಕಾರ್ಡುಗಳಲ್ಲಿ ಒಂದನ್ನು ಹುಡುಕೋದು ಹೇಗೆ? ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಗಣಿತ ಓದಿದವರು. ಅವರ ಉತ್ತರ ಸರಳವಾಗಿತ್ತು. ಪ್ರತಿ ಬೆರಳಿಗೂ ಒಂದೇ ಪ್ರಶ್ನೆ: ಸುರುಳಿ ಇದೆಯಾ, ಇಲ್ಲವಾ? ಬೆರಳುಗಳನ್ನು ಐದು ಜೋಡಿ ಮಾಡಿ, ಸುರುಳಿ ಇದ್ದರೆ ಜೋಡಿಯ ಕ್ರಮದಂತೆ 16, 8, 4, 2, 1 ಅಂಕ ಕೊಡೋದು. ಹತ್ತು ಬೆರಳಿಗೆ ಹತ್ತು ಹೌದು–ಇಲ್ಲ, ಒಟ್ಟು 1024 ಗೂಡುಗಳು. ಕೋಡ್ ಬರೆಯುವವರಿಗೆ ಈ ಸಂಖ್ಯೆಯ ಪರಿಚಯ ಹೇಳಬೇಕಾಗಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮರದ ಬೀರುವಿನಲ್ಲಿ ಬೈನರಿ!

1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಹಕ್ ಜೊತೆ ದುಡಿದ ಇನ್ನೊಬ್ಬರು ಹೇಮಚಂದ್ರ ಬೋಸ್. ನಾಲ್ಕು ವರ್ಷದಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಇದೇ ಪದ್ಧತಿ ತಂದುಕೊಂಡಿತು. ಹೆಸರು ಮಾತ್ರ ‘ಹೆನ್ರಿ ಪದ್ಧತಿ’. ಹಕ್‌ಗೆ ಖಾನ್ ಬಹಾದೂರ್, ಬೋಸ್‌ಗೆ ರಾಯ್ ಬಹಾದೂರ್ ಬಿರುದು ಸಿಕ್ಕಿತು, ಅಷ್ಟೇ ಸಮಾಧಾನ. ಯಾರ ಕೆಲಸದ ಮೇಲೆ ಯಾರ ಗುರುತು ಬೀಳುತ್ತದೆ ಅನ್ನೋದೂ ಒಂದು ಪಾಠವೇ.

ಈಗ ಮುಖ್ಯ ಕತೆಗೆ ಬರೋಣ. ಬಂಗಾಳದ ಜಲಪಾಯಿಗುರಿಯಲ್ಲಿ ಚಹಾ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಯಿತು, ಹಣವೂ ಹೋಯಿತು. ಅಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲೆ ಕಂದು ಬಣ್ಣದ ಕಲೆ. ಅದು ಹಿಂದೆ ಅಲ್ಲೇ ಕೆಲಸಕ್ಕಿದ್ದ, ಕಳ್ಳತನಕ್ಕೆ ಜೈಲು ಕಂಡಿದ್ದ ಕಂಗಾಲಿ ಚರಣ್‌ನ ಬಲಗೈ ಹೆಬ್ಬೆಟ್ಟಿನ ಗುರುತು ಅಂತ ಕಲ್ಕತ್ತೆಯ ದಾಖಲೆಯಿಂದ ಗೊತ್ತಾಯಿತು. ಇಷ್ಟು ಸಿಕ್ಕರೆ ಟೀವಿ ಧಾರಾವಾಹಿ ಅಲ್ಲಿಗೇ ಮುಗಿಯುತ್ತಿತ್ತು. 1898ರ ಕೋರ್ಟು ಹಾಗೆ ಮಾಡಲಿಲ್ಲ. ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆ ಆರೋಪದಿಂದ ಬಿಟ್ಟಿತು. ಅವನು ಪಂಚಾಂಗ ಮುಟ್ಟಿದ್ದ ಅಂತ ಹೆಬ್ಬೆಟ್ಟು ಹೇಳುತ್ತದೆ. ಕತ್ತು ಕೊಯ್ದವನು ಅವನೇ ಅಂತ ಹೇಳುವುದಿಲ್ಲ.

ಈ ಸಂಯಮ ಎಷ್ಟು ಬೆಲೆಬಾಳುತ್ತದೆ ಅಂತ 2004ರಲ್ಲಿ ತಿಳಿಯಿತು. ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಸಿಕ್ಕ ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಆರೆಗನ್ನಿನ ವಕೀಲರೊಬ್ಬರದ್ದು ಅಂತ ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ಆ ಮನುಷ್ಯ ಎರಡು ವಾರ ಬಂಧನದಲ್ಲಿದ್ದರು. ಕೊನೆಗೆ ಅದು ಅಲ್ಜೀರಿಯಾದ ಬೇರೊಬ್ಬನ ಬೆರಳು ಅಂತ ಸ್ಪೇನ್ ಪೊಲೀಸರು ಪತ್ತೆಹಚ್ಚಿದರು. ಬೆರಳು ಸುಳ್ಳು ಹೇಳಿರಲಿಲ್ಲ, ಓದಿದವರು ತಪ್ಪಿದ್ದರು.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಗಾದೆ. ಕ್ಲಾಸಿನ ಎಲ್ಲ ಮಕ್ಕಳೂ ಪೊಲೀಸ್ ಲ್ಯಾಬಿಗೆ ಹೋಗೋದಿಲ್ಲ. ಆದರೆ ‘ರಿಪೋರ್ಟ್ ಬಂತಂತೆ, ಅವನೇ ಅಂತೆ’ ಅನ್ನುವ ಮೆಸೇಜು ಎಲ್ಲರ ಫೋನಿಗೂ ಬರುತ್ತದೆ. ಹಾಗಾಗಿ ಲೋಟದ ಮೇಲಿನ ಗುರುತು ಯಾರದ್ದು ಅಂತ ಪತ್ತೆಯಾದ ಮೇಲೆ ಮೇಷ್ಟ್ರು ಇನ್ನೊಂದು ಪ್ರಶ್ನೆ ಕೇಳಲಿ: ಇದರಿಂದ ನಮಗೆ ಏನೇನು ಗೊತ್ತಾಗಲಿಲ್ಲ? ಆ ಪಟ್ಟಿ ಉದ್ದ ಆದಷ್ಟೂ ಪಾಠ ಚೆನ್ನಾಗಿ ನಡೆದಿದೆ ಅಂತ ಲೆಕ್ಕ.