ಹೆಬ್ಬಾಳದ ಮೂಕಜೀವಿಗಳ ಋಣ

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟುವಾಗ ನಮ್ಮ ಗಮನವೆಲ್ಲ ವಾಹನದಟ್ಟಣೆಯ ಮೇಲಿರುತ್ತದೆ. ಅಲ್ಲೇ ಇರುವ ಜಾನುವಾರು ಲಸಿಕೆ ಸಂಸ್ಥೆಯ ಕಡೆಗೆ ನೋಡುವವರು ಕಡಿಮೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನವು ಅದನ್ನು 'ಮೈಸೂರು ಸೀರಂ ಇನ್‌ಸ್ಟಿಟ್ಯೂಟ್' ಎಂಬ ಹೆಸರಿನಲ್ಲಿ ಆರಂಭಿಸಿತು. ಕಾರಣ, ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಈ ರೋಗ ಕಾಲಿಟ್ಟ ಊರಿನಲ್ಲಿ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಉಳುವ ಎತ್ತು ಸತ್ತರೆ ರೈತನ ಮನೆಯವರ ಅನ್ನಕ್ಕೂ ಕುತ್ತು ಬರುತ್ತಿತ್ತು.

ಆಗಿನ ಮದ್ದು ಸೀರಂ. ರೋಗ ಗೆದ್ದ ಜಾನುವಾರುಗಳಿಗೆ ಮತ್ತೆ ಮತ್ತೆ ರೋಗದ ರಕ್ತ ಚುಚ್ಚಿ, ನಂತರ ಅವುಗಳ ರಕ್ತ ತೆಗೆದು ಸೀರಂ ಮಾಡುತ್ತಿದ್ದರು. ಆ ರೋಗದ ರಕ್ತಕ್ಕಾಗಿ ಬೇರೆ ಪ್ರಾಣಿಗಳಿಗೆ ರೋಗ ಬರಿಸಬೇಕಿತ್ತು. ಕೆಲವು ಜೀವಿಗಳ ನೋವಿನಿಂದ ಸಾವಿರಾರು ಜೀವಿಗಳು ಉಳಿದವು. ಇದು ಸರಿಯೇ?

ಪ್ರಾಣಿಗಳಿಂದ ಪ್ರಯೋಜನ ಪಡೆಯಲು ಇಸ್ಲಾಮ್ ನಮಗೆ ಅನುಮತಿ ನೀಡಿದೆ. ಆದರೆ ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಣ್ಣಿಗೆ ಶಿಕ್ಷೆ ಕಾದಿದೆಯೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಅನಿವಾರ್ಯತೆಯಿಂದ ಸಿಗುವ ರಿಯಾಯಿತಿ ಆ ಅನಿವಾರ್ಯತೆ ಇರುವಷ್ಟಕ್ಕೇ ಸೀಮಿತ ಎಂಬುದು ಫಿಕ್ಹ್ ವಿದ್ವಾಂಸರು ಒಪ್ಪಿರುವ ತತ್ವ.

ದೊಡ್ಡರೋಗದ ಚರಿತ್ರೆಯಲ್ಲಿ ಈ ಅನಿವಾರ್ಯತೆ ಹಂತಹಂತವಾಗಿ ಕುಗ್ಗಿತು. ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ವೈರಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸಿ ದುರ್ಬಲಗೊಳಿಸಿದರು. ಅದರಿಂದ ಬಂದ ಲಸಿಕೆಯೊಂದಿಗೆ 1954ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಆದರೂ ಲಸಿಕೆಗಾಗಿ ಮೇಕೆಗಳು ಸಾಯಲೇಬೇಕಿತ್ತು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅವರು ಕರುವಿನ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವುಗಳಲ್ಲೇ ಲಸಿಕೆಯ ವೈರಾಣುವನ್ನು ಬೆಳೆಸಿದರು. ಲಸಿಕೆ ತಯಾರಿಸಲು ಜೀವಂತ ಪ್ರಾಣಿಗೆ ರೋಗ ಬರಿಸುವ ಅಗತ್ಯ ಇಲ್ಲವಾಯಿತು. 2011ರಲ್ಲಿ ಇಡೀ ಜಗತ್ತು ಈ ರೋಗದಿಂದ ಮುಕ್ತವೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲನ ಮಾಡಿದ ಎರಡನೆಯ ರೋಗವಿದು.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಯೋಗವನ್ನು ನಿಷೇಧಿಸುವುದಿಲ್ಲ. ಆದರೆ ಸಾಧ್ಯವಿದ್ದಲ್ಲಿ ಅದನ್ನು ಕೈಬಿಡಬೇಕು, ಶಸ್ತ್ರಕ್ರಿಯೆಯಿದ್ದರೆ ಅರಿವಳಿಕೆ ಕೊಡಬೇಕು ಎನ್ನುತ್ತದೆ. ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಗತಿಯೇನು? ಇದರ ಬಗ್ಗೆ 1262ರಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್(ರ) ಅವರ ಮಾತು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಮುಪ್ಪಿನಿಂದಲೋ ಕಾಯಿಲೆಯಿಂದಲೋ ಪ್ರಯೋಜನಕ್ಕೆ ಬಾರದಂತಾದರೂ ಸಾಕಿದ ಪ್ರಾಣಿಯ ಮೇವು-ನೀರಿನ ಖರ್ಚು ಒಡೆಯನದೇ ಎಂದು ಅವರು ಬರೆದರು.

ನಮ್ಮ ಮಕ್ಕಳು ಇದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ, ಯಲಹಂಕದ ಪ್ರಯೋಗಾಲಯಗಳಿಗೆ ಹೋಗುತ್ತಾರೆ. ಪ್ರಾಣಿಯ ಮೇಲೆ ಕೈಯಿಡುವ ಮೊದಲು ಅವರು ಕೇಳಿಕೊಳ್ಳಲಿ: ಇದು ನಿಜವಾಗಿ ಬೇಕೇ? ಇನ್ನೂ ಕಡಿಮೆ ಪ್ರಾಣಿಗಳಲ್ಲಿ ಆಗದೇ? ನೋವು ತಗ್ಗಿಸಿದ್ದೇವೆಯೇ? ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಮೂಕಜೀವಿಗಳ ವಿಷಯದಲ್ಲೂ ನಾವು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದವರು.