ಭಯವನ್ನು ಗೆದ್ದ ಸೇವೆ

ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದನು. ಈ ರೋಗವು ಪೂರ್ವಜನ್ಮದ ಪಾಪದ ಫಲವೆಂಬ ನಂಬಿಕೆ ಅಲ್ಲಿಗೆ ಅಳಿಯಬೇಕಿತ್ತು. ಅಳಿಯಲಿಲ್ಲ, ಹಳೆಯ ಅಸಹ್ಯದೊಡನೆ ಅಂಟುರೋಗದ ಹೊಸ ಭಯವೂ ಕೂಡಿಕೊಂಡಿತು. ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಿಗೆ ಸೇರಿಸುವ ಅಧಿಕಾರವನ್ನು 1898ರ ಕಾಯಿದೆಯು ಪೊಲೀಸರಿಗೆ ಕೊಟ್ಟಿತು. ನಮ್ಮ ಮುಂಬಯಿಯ ವಡಾಲಾದ ಆಕ್ವರ್ತ್ ಆಸ್ಪತ್ರೆಯೂ 1890ರಲ್ಲಿ ಬೀದಿಪಾಲಾದ ರೋಗಿಗಳ ಆಶ್ರಮವಾಗಿಯೇ ಹುಟ್ಟಿತು. ಅಂದಿನ ಆಶ್ರಮಗಳಲ್ಲಿ ಅನ್ನವಿತ್ತು, ಆಸರೆಯಿತ್ತು. ಆದರೆ ರೋಗಿಯನ್ನು ಊರಿನಿಂದ ದೂರವಿಡುವುದೇ ಸೇವೆಯ ಮೊದಲ ನಿಯಮವಾಗಿತ್ತು.

ಈ ಭಯ ಸೇವಕರನ್ನೂ ಬಿಟ್ಟಿರಲಿಲ್ಲ. ಇಂದಿನ ಚಂದ್ರಪುರ ಜಿಲ್ಲೆಯ ವರೋರಾದಲ್ಲಿ ವಕೀಲರಾಗಿದ್ದ ಮುರಳೀಧರ ದೇವಿದಾಸ ಆಮ್ಟೆಯವರು ಜಾಡಮಾಲಿಗಳ ಕಷ್ಟವನ್ನರಿಯಲು ತಾವೇ ಮಲ ಹೊತ್ತವರು. ಅವರ ಧೈರ್ಯವನ್ನು ಮೆಚ್ಚಿ ಗಾಂಧೀಜಿಯವರು 'ಅಭಯ ಸಾಧಕ'ನೆಂದು ಕರೆದಿದ್ದರು. ಅಂಥವರು ಒಂದು ಮಳೆಯ ದಿನ, ಬೆರಳುಗಳು ಕರಗಿ ಹುಳು ಬಿದ್ದಿದ್ದ ತುಳಶೀರಾಮನೆಂಬ ರೋಗಿಯನ್ನು ದಾರಿಯಲ್ಲಿ ಕಂಡು ಹೆದರಿ ಓಡಿಹೋದರು. ಆ ಓಟವೇ ಅವರನ್ನು ಕಾಡಿತು. ಮರಳಿ ಬಂದು, ಅವನ ಕೊನೆಯುಸಿರಿನವರೆಗೆ ಶುಶ್ರೂಷೆ ಮಾಡಿದರು.

ಬಾಬಾ ಆಮ್ಟೆಯವರು ತಮ್ಮ ಭಯವನ್ನು ಮುಚ್ಚಿಡಲಿಲ್ಲ; ಅದಕ್ಕೆ ಜ್ಞಾನದಿಂದ ಮದ್ದು ಹುಡುಕಿದರು. ಕಲ್ಕತ್ತೆಗೆ ಹೋಗಿ ಕುಷ್ಠ ಚಿಕಿತ್ಸೆಯನ್ನು ಕಲಿತು ಬಂದರು. 1949ರಲ್ಲಿ ಮಹಾರೋಗಿ ಸೇವಾ ಸಮಿತಿಯನ್ನು ಸ್ಥಾಪಿಸಿ, 1951ರಲ್ಲಿ ಪತ್ನಿ ಸಾಧನಾತಾಯಿಯವರೊಡನೆ ವರೋರಾದ ಬಳಿಯ ಕಲ್ಲುನೆಲದಲ್ಲಿ ಆನಂದವನವನ್ನು ಆರಂಭಿಸಿದರು. ಜೊತೆಗಿದ್ದವರು ಆರು ಮಂದಿ ರೋಗಿಗಳು, ಒಂದು ಕುಂಟು ಹಸು. ಕೈಯಲ್ಲಿದ್ದುದು 14 ರೂಪಾಯಿ.

ಅಲ್ಲಿ ಭಿಕ್ಷೆಗೆ ಎಡೆಯಿರಲಿಲ್ಲ, ದುಡಿಮೆಯಿತ್ತು. ರೋಗಿಗಳೇ ಬಾವಿ ತೋಡಿದರು, ತರಕಾರಿ ಬೆಳೆದರು. ಆದರೆ ಆ ಕೈಗಳು ಬೆಳೆದುದನ್ನು ಕೊಳ್ಳಲು ಊರವರು ಮುಂದೆ ಬರಲಿಲ್ಲ. 1954ರಲ್ಲಿ ಅಂತರರಾಷ್ಟ್ರೀಯ ಸೇವಾದಳದ ಪರದೇಶೀ ಸ್ವಯಂಸೇವಕರು ಬಂದು, ರೋಗಿಗಳೊಡನೆ ದುಡಿದು ಅಲ್ಲಿಯೇ ಉಂಡರು. ಅದನ್ನು ಕಣ್ಣಾರೆ ಕಂಡ ಮೇಲೆ ಊರವರ ಅಂಜಿಕೆಯೂ ಸಡಿಲವಾಯಿತು. ನೂರು ಉಪದೇಶಗಳಿಂದ ಆಗದ ಕೆಲಸವನ್ನು ಒಂದು ಸಹಪಂಕ್ತಿ ಮಾಡಿತು!

1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದು ರೋಗವು ಪೂರ್ಣವಾಗಿ ಗುಣವಾಗುವಂತಾಯಿತು. ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ಅದು ಇನ್ನೊಬ್ಬರಿಗೆ ಅಂಟುವುದು ನಿಲ್ಲುತ್ತದೆ. ಆದರೂ 1898ರ ಕಾಯಿದೆ ರದ್ದಾದುದು 2016ರಲ್ಲಿ. ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಮಾತು ವೈಯಕ್ತಿಕ ಕಾನೂನುಗಳಿಂದ ಅಳಿದುದು 2019ರಲ್ಲಿ. ದೇಹದ ರೋಗಕ್ಕೆ ಮದ್ದು ಸಿಕ್ಕ ಮೇಲೂ ಸಮಾಜದ ರೋಗ ಇಷ್ಟು ಕಾಲ ಉಳಿಯಿತು.

ಸೇವೆಗೆ ಹೊರಟವರಿಗೆ ಭಯವಾಗುವುದು ತಪ್ಪಲ್ಲ. ಆ ಭಯವನ್ನೇ ನಿಯಮವನ್ನಾಗಿ ಮಾಡಿ ರೋಗಿಯ ಮೇಲೆ ಹೇರುವುದು ತಪ್ಪು. ಓಡಿದವರು ಹಿಂದಿರುಗಿ ಬಂದುದರಿಂದಲೇ ಆನಂದವನ ಹುಟ್ಟಿತು.